ತಾಲ್ಲೂಕು ಆಸ್ಪತ್ರೆಯಲ್ಲಿ ಸಾಂಕ್ರಾಮಿಕ ರೋಗ ಪತ್ತೆಯ ಪ್ರಯೋಗಾಲಯ: ಎಲ್ಲಿಂದ ಆರಂಭಿಸಬೇಕು?

ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯವನ್ನು ಬಲಪಡಿಸುವ ಮಾತು ಬಂದಾಗಲೆಲ್ಲ ಚರ್ಚೆ ಯಂತ್ರದಿಂದಲೇ ಶುರುವಾಗುತ್ತದೆ. ಯಾವ ಕಂಪನಿಯದು, ಎಷ್ಟು ಬೆಲೆ, ಯಾರು ಕೊಡಿಸುತ್ತಾರೆ ಎಂಬಲ್ಲಿಗೆ ಸಭೆ ಮುಗಿದುಹೋಗುತ್ತದೆ. ಯಂತ್ರದ ಸರದಿ ಬರಬೇಕಾದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಯಾವ ಕಾಯಿಲೆಯನ್ನು ಹುಡುಕುತ್ತಿದ್ದೇವೆ, ಮಾದರಿ ಯಾವ ದಾರಿಯಲ್ಲಿ ಬರುತ್ತದೆ, ಫಲಿತಾಂಶ ಯಾರ ಕೈ ಸೇರುತ್ತದೆ, ಅವರು ಅದನ್ನು ನೋಡಿ ಏನು ಮಾಡುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಇರಬೇಕು. ಉತ್ತರವಿಲ್ಲದೆ ತಂದ ಯಂತ್ರ ಮೊದಲ ಕಿಟ್ ಮುಗಿದ ದಿನ ನಿಂತುಹೋಗುತ್ತದೆ.

ತಾಲ್ಲೂಕು ಆರೋಗ್ಯಾಧಿಕಾರಿಗಳು, ಪ್ರಯೋಗಾಲಯ ತಂತ್ರಜ್ಞರು, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು, ತಮ್ಮೂರ ಆಸ್ಪತ್ರೆಗೆ ಏನಾದರೂ ಕೊಡಬೇಕೆಂದಿರುವ ದಾನಿಗಳು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಉದಾಹರಣೆಗಳು ಮಂಡ್ಯ, ಮೈಸೂರು ಜಿಲ್ಲೆಗಳವು. ಈ ಸೀಮೆಗೆ ಇಂಥ ಕೆಲಸ ಹೊಸದೇನಲ್ಲ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲೊಂದು ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿತ್ತು. ಈಗ ನಮ್ಮ ಬಳಿ ಅಂದಿಗಿಂತ ಎಷ್ಟೋ ಹೆಚ್ಚಿನ ಸಾಧನಗಳಿವೆ.

ಹೆಜ್ಜೆ 1: ಹುಡುಕಬೇಕಾದ ಕಾಯಿಲೆಗಳ ಪಟ್ಟಿ

ತಾಲ್ಲೂಕಿನ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು ಒಂದು ಮಧ್ಯಾಹ್ನ ಕೂರಿಸಿ. ಕಳೆದ ಮೂರು ವರ್ಷಗಳ ವರದಿಗಳನ್ನು ಎದುರಿಗಿಟ್ಟುಕೊಳ್ಳಿ. ಯಾವ ತಿಂಗಳಲ್ಲಿ ಯಾವ ಹೋಬಳಿಯಿಂದ ಯಾವ ಜ್ವರ ಬಂತು ಎಂಬುದು ಅಲ್ಲೇ ಕಾಣುತ್ತದೆ.

ನಮ್ಮ ಕಡೆ ಈ ಪಟ್ಟಿಯಲ್ಲಿ ಡೆಂಗಿ ಮತ್ತು ಚಿಕೂನ್‌ಗುನ್ಯ ಇದ್ದೇ ಇರುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದೇ ಘೋಷಿಸಿತು. ನಾಲೆ ಬಯಲಿನಲ್ಲಿ, ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿ ಜ್ವರದ ಅಪಾಯವಿದೆ. ಪೊದೆ, ಹುಲ್ಲುಗಾವಲಿನ ಅಂಚಿನಲ್ಲಿ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಇರುತ್ತದೆ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯಿಂದ ಬರುವ ಜಪಾನೀಸ್ ಮಿದುಳು ಜ್ವರವನ್ನು ಮಂಡ್ಯ ಜಿಲ್ಲೆಯ ವೈದ್ಯರು ಮರೆಯುವಂತಿಲ್ಲ. ಹೆಗ್ಗಡದೇವನಕೋಟೆಯಂಥ ಕಾಡಂಚಿನ ತಾಲ್ಲೂಕಾದರೆ ಮಂಗನ ಕಾಯಿಲೆಯನ್ನೂ ಸೇರಿಸಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ 2012ರ ಹೊತ್ತಿಗೆ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಇನ್ನು ವಾಂತಿಭೇದಿ ಯಾವ ಊರನ್ನೂ ಬಿಟ್ಟಿಲ್ಲ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ಊರಿಗೆ ಊರೇ ಹಾಸಿಗೆ ಹಿಡಿದದ್ದನ್ನು ಈ ಭಾಗದವರು ನೆನಪಿಟ್ಟುಕೊಂಡಿದ್ದಾರೆ.

ಪಟ್ಟಿ ಉದ್ದವಾಗಲು ಬಿಡಬೇಡಿ. ಮೊದಲ ವರ್ಷಕ್ಕೆ ಐದಾರು ಕಾಯಿಲೆ ಸಾಕು. ಪ್ರತಿಯೊಂದರ ಎದುರು ‘ಇಲ್ಲೇ ಪರೀಕ್ಷೆ’ ಅಥವಾ ‘ಮೇಲಕ್ಕೆ ರವಾನೆ’ ಎಂದು ಬರೆಯಿರಿ. ಡೆಂಗಿ ಎಲೈಸಾ (ರಕ್ತದ ಪ್ರತಿಜನಕ, ಪ್ರತಿಕಾಯಗಳನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆ), ಮಲೇರಿಯಾ ರಕ್ತಲೇಪನ, ಕ್ಷಯ ಪತ್ತೆಗೆ ಕಫದ ಟ್ರೂನಾಟ್ ಪರೀಕ್ಷೆ, ಕುಡಿಯುವ ನೀರಿನ ಪರೀಕ್ಷೆ, ಇವಿಷ್ಟನ್ನು ತಾಲ್ಲೂಕಿನಲ್ಲೇ ಮಾಡಬಹುದು. ಕಾಲರಾ ಕಲ್ಚರ್ (ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವುದು), ಮಿದುಳು ಜ್ವರ, ಮಂಗನ ಕಾಯಿಲೆಗಳನ್ನು ಮೇಲಕ್ಕೆ ಕಳುಹಿಸುವುದೇ ಸರಿ. ಎಲ್ಲವನ್ನೂ ಇಲ್ಲೇ ಮಾಡುತ್ತೇವೆಂಬ ಹಟದಿಂದ ಯಾವುದೂ ಸರಿಯಾಗಿ ಆಗುವುದಿಲ್ಲ.

ಹೆಜ್ಜೆ 2: ಮೇಲಿನ ಪ್ರಯೋಗಾಲಯದೊಂದಿಗೆ ಒಪ್ಪಂದ

ಮಂಡ್ಯದ ತಾಲ್ಲೂಕುಗಳಿಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹತ್ತಿರ. ನಾಗಮಂಗಲ ತಾಲ್ಲೂಕಿನಲ್ಲೇ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ವೈರಾಣು ಪರೀಕ್ಷೆಗಳಿಗೆ 1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜು, ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ. ಈ ಸಂಸ್ಥೆಗಳ ಸೂಕ್ಷ್ಮಜೀವಿಶಾಸ್ತ್ರ ವಿಭಾಗಕ್ಕೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಯಾವ ವಾರ ಯಾವ ಪರೀಕ್ಷೆ ಹಾಕುತ್ತಾರೆ, ಎಷ್ಟು ಗಂಟೆಯೊಳಗೆ ಮಾದರಿ ಸ್ವೀಕರಿಸುತ್ತಾರೆ, ಭಾನುವಾರ ಯಾರು ಇರುತ್ತಾರೆ, ಫಲಿತಾಂಶವನ್ನು ಯಾರ ಫೋನಿಗೆ ತಿಳಿಸುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಆ ಒಂದು ಹಾಳೆಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೂ ಅಂಟಿಸಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ವಾಂತಿಭೇದಿ ಹಬ್ಬಿದ ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಹುಡುಕುವಂತಾಗಬಾರದು.

ಹೆಜ್ಜೆ 3: ಮಾದರಿ ಸಂಗ್ರಹ

ಹೆಚ್ಚು ಸಮಯ, ಹೆಚ್ಚು ತರಬೇತಿ, ಹೆಚ್ಚು ತಾಳ್ಮೆ ಬೇಕಾದದ್ದು ಇಲ್ಲಿ. ಹಾಳಾಗಿ ಬಂದ ಮಾದರಿಯನ್ನು ಯಾವ ಯಂತ್ರವೂ ಸರಿಪಡಿಸಲಾರದು. ಅಷ್ಟೇ ಅಲ್ಲ, ಹಾಳಾದ ಮಾದರಿ ‘ನೆಗೆಟಿವ್’ ಎಂಬ ಸುಳ್ಳು ನೆಮ್ಮದಿಯನ್ನೂ ಕೊಡುತ್ತದೆ.

ಮೊದಲನೆಯದು ದಿನದ ಲೆಕ್ಕ. ಡೆಂಗಿಯಲ್ಲಿ ಜ್ವರ ಶುರುವಾದ ಮೊದಲ ಐದು ದಿನ ಎನ್‌ಎಸ್1 ಪ್ರತಿಜನಕ, ಅಂದರೆ ವೈರಾಣುವಿನದೇ ಪ್ರೋಟೀನ್, ರಕ್ತದಲ್ಲಿ ಸಿಗುತ್ತದೆ. ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯ ಗೋಚರಿಸುವುದು ಐದನೆಯ ದಿನದ ನಂತರ. ಎರಡನೆಯ ದಿನದ ರಕ್ತಕ್ಕೆ ಐಜಿಎಂ ಪರೀಕ್ಷೆ ಮಾಡಿ ಡೆಂಗಿ ಇಲ್ಲವೆಂದರೆ ಅದು ತಪ್ಪು ಉತ್ತರ. ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್‌ನ ಐಜಿಎಂ ಪರೀಕ್ಷೆಗೂ ಸುಮಾರು ಒಂದು ವಾರ ಕಳೆದಿರಬೇಕು. ಆದ್ದರಿಂದ ಅರ್ಜಿಯಲ್ಲಿ ‘ಜ್ವರ ಶುರುವಾದ ದಿನ’ ಎಂಬ ಕಾಲಂ ಖಾಲಿ ಇದ್ದರೆ ಮಾದರಿಯನ್ನು ಪಕ್ಕಕ್ಕಿಟ್ಟು ಮೊದಲು ಆ ಕೇಂದ್ರಕ್ಕೆ ಫೋನ್ ಮಾಡಿ. ಪ್ರತಿ ಬಾರಿಯೂ ಮಾಡಿ. ಕೆಲವು ವಾರಗಳಲ್ಲಿ ಕಾಲಂ ತಾನಾಗಿ ತುಂಬಿಕೊಂಡು ಬರುತ್ತದೆ.

ಎರಡನೆಯದು ಔಷಧಕ್ಕೆ ಮೊದಲು ಮಾದರಿ. ಕಾಲರಾ ಶಂಕೆಯಿದ್ದರೆ ಆ್ಯಂಟಿಬಯೋಟಿಕ್ ಕೊಡುವುದಕ್ಕೆ ಮುಂಚೆ ಮಲದ ಮಾದರಿ ಅಥವಾ ಗುದದ್ವಾರದ ಸ್ವಾಬ್ ತೆಗೆಯಿರಿ. ಚಿಕಿತ್ಸೆಯನ್ನು ಮಾತ್ರ ಫಲಿತಾಂಶಕ್ಕಾಗಿ ಒಂದು ಕ್ಷಣವೂ ತಡೆಹಿಡಿಯಬೇಡಿ. ಓಆರ್‌ಎಸ್ ಮತ್ತು ಡ್ರಿಪ್ ಮೊದಲು. ಸ್ವಾಬನ್ನು, ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಕ್ಯಾರಿ–ಬ್ಲೇರ್ ಮಾಧ್ಯಮದ ನಳಿಕೆಯಲ್ಲಿ ಇಳಿಸಿ, ಕಡ್ಡಿಯ ತುದಿ ಮುರಿದು, ಮುಚ್ಚಳ ಬಿಗಿ ಮಾಡಿ. ಇದಕ್ಕೆ ಐಸ್ ಬೇಡ, ಕೋಣೆಯ ಉಷ್ಣತೆಯೇ ಸಾಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಧ್ಯಮದ ಕೆಲವು ನಳಿಕೆಗಳು ಸದಾ ಇರಬೇಕು. ಹತ್ತು ಮಂದಿ ಆಸ್ಪತ್ರೆಗೆ ಬಂದ ಮೇಲೆ ಜಿಲ್ಲಾ ಕೇಂದ್ರದಿಂದ ತರಿಸುವಷ್ಟರಲ್ಲಿ ಎಲ್ಲರಿಗೂ ಆ್ಯಂಟಿಬಯೋಟಿಕ್ ಹೋಗಿರುತ್ತದೆ.

ಟೈಫಾಯಿಡ್ ಬಗ್ಗೆ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಒಂದೇ ಬಾರಿ ಮಾಡಿದ ವಿಡಾಲ್ ಪರೀಕ್ಷೆಯ ಅಂಕಿಯನ್ನು ನಂಬಿ ರೋಗ ತೀರ್ಮಾನಿಸುವ ರೂಢಿ ನಮ್ಮ ಊರುಗಳಲ್ಲಿ ಆಳವಾಗಿ ಬೇರೂರಿದೆ. ಹಿಂದೆ ಬಂದಿದ್ದ ಸೋಂಕು, ಬೇರೆ ಜ್ವರಗಳು ಕೂಡ ಅದರಲ್ಲಿ ಪಾಸಿಟಿವ್ ತೋರಿಸಬಲ್ಲವು. ಸರ್ವೇಕ್ಷಣೆಯ ಲೆಕ್ಕಕ್ಕೆ ಬೇಕಾದದ್ದು ಮೊದಲ ವಾರದಲ್ಲಿ, ಔಷಧಕ್ಕೆ ಮೊದಲು ತೆಗೆದ ರಕ್ತದ ಕಲ್ಚರ್. ಆ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೆ ಕೆಲಸ ಕೆಡುತ್ತದೆ. ಬ್ಯಾಕ್ಟೀರಿಯಾ ಕಲ್ಚರ್‌ಗೆ ಹೋಗುವ ಬೆನ್ನುಹುರಿ ದ್ರವವೂ ಹಾಗೆಯೇ. ಜಪಾನೀಸ್ ಮಿದುಳು ಜ್ವರದ ಐಜಿಎಂ ಪರೀಕ್ಷೆಗೆ ಹೋಗುವ ಅದೇ ದ್ರವದ ಇನ್ನೊಂದು ನಳಿಕೆಗೆ ಮಾತ್ರ ತಂಪು ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಐಸ್ ಮೇಲೆ ಮಲಗಿಸಿ ಕಳುಹಿಸುವುದು ಆಗಾಗ ಕಾಣುವ ತಪ್ಪು.

ಮೂರನೆಯದು ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ರಕ್ತವನ್ನು ನಳಿಕೆಗೆ ಹಾಕುವಾಗ ಸಿರಿಂಜನ್ನು ಜೋರಾಗಿ ಒತ್ತಿದರೆ ಕೆಂಪು ಕಣಗಳು ಒಡೆದು ಸೀರಂ ಕೆಂಪಗಾಗುತ್ತದೆ. ಸೂಜಿ ತೆಗೆದು, ನಳಿಕೆಯ ಒಳಗೋಡೆಯ ಮೇಲೆ ನಿಧಾನವಾಗಿ ಇಳಿಬಿಡಿ. ಅರ್ಧ ಗಂಟೆ ಅಲುಗಾಡಿಸದೆ ಹೆಪ್ಪುಗಟ್ಟಲು ಬಿಟ್ಟು, ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯಾದ ಸೀರಂ ಅನ್ನು ಬೇರೆ ನಳಿಕೆಗೆ ತೆಗೆಯಿರಿ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ದಿನ ಕೆಡದೆ ಇರುತ್ತದೆ. ಸೀರಂ ಬೇರ್ಪಡಿಸದ ರಕ್ತವನ್ನು ಫ್ರೀಜರ್‌ಗೆ ಹಾಕಲೇಬಾರದು.

ಇನ್ನು ಹಲಗೂರಿನಿಂದ ಮಳವಳ್ಳಿಗೆ, ಅಲ್ಲಿಂದ ಮಂಡ್ಯಕ್ಕೆ ಬರುವ ಒಂದು ಡಬ್ಬಿಯನ್ನು ನೋಡೋಣ. ಬೆಳಿಗ್ಗೆ ಪುಡಿ ಐಸ್ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿ ನಾಲ್ಕು ನಳಿಕೆ ನಿಲ್ಲಿಸಿ, ಅರ್ಜಿಯನ್ನು ನಳಿಕೆಗೇ ಸುತ್ತಿ ರಬ್ಬರ್ ಹಾಕಿ ಕಳುಹಿಸುತ್ತಾರೆ ಎಂದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಐಸ್ ಕರಗಿ ನೀರಾಗಿ, ಜೆಲ್ ಪೆನ್ನಿನ ಅಕ್ಷರವೆಲ್ಲ ನೀಲಿ ಕಲೆಯಾಗಿ, ನಾಲ್ಕು ನಳಿಕೆಗಳಲ್ಲಿ ಯಾವುದು ಯಾರದೆಂದು ಹೇಳುವವರಿಲ್ಲ. ನಾಲ್ವರು ರೋಗಿಗಳ ರಕ್ತ ವ್ಯರ್ಥ. ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಲಸಿಕೆ ಕ್ಯಾರಿಯರ್, ಗಟ್ಟಿಯಾದ ಐಸ್ ಪ್ಯಾಕ್, ಅಳಿಸದ ಮಾರ್ಕರ್ ಇಷ್ಟೇ. ನಳಿಕೆಯ ಮೇಲೆ ಹೆಸರು, ವಯಸ್ಸು, ಕ್ರಮಸಂಖ್ಯೆ, ದಿನಾಂಕ ಬರೆಯಿರಿ. ನಳಿಕೆಗೆ ಹತ್ತಿ ಸುತ್ತಿ, ಅದನ್ನು ಸೋರದ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನು ಗಟ್ಟಿ ಹೊರಡಬ್ಬಿಯೊಳಗಿಡಿ. ಮೂರು ಪದರ ಎಂದು ಎಲ್ಲ ತರಬೇತಿಯಲ್ಲೂ ಹೇಳುವುದು ಇದನ್ನೇ. ಒಳಗೆ ನಳಿಕೆ ಒಡೆದರೂ ಒಯ್ಯುವವರ ಕೈಗೆ ಸೋಂಕು ತಾಗಬಾರದು. ಅರ್ಜಿಗಳು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹೊರಪದರದ ಬಳಿ ಇರಲಿ.

ಒಯ್ಯುವವರು ಯಾರು, ಯಾವ ವಾಹನ, ಯಾವ ಹೊತ್ತಿಗೆ ಎಂಬುದನ್ನು ವಾರದ ವೇಳಾಪಟ್ಟಿ ಮಾಡಿ ನಿಗದಿಪಡಿಸಿ. ಖರ್ಚಿನ ಹಣವನ್ನು ಆ ವ್ಯಕ್ತಿಗೆ ಅದೇ ವಾರ ಕೊಡಿ. ಕೈಯಿಂದ ಹಾಕಿದ ಬಸ್ ಚಾರ್ಜಿಗಾಗಿ ಆಶಾ ಕಾರ್ಯಕರ್ತೆಯೊಬ್ಬರು ತಿಂಗಳುಗಟ್ಟಲೆ ಕಾಯಬೇಕಾದ ಕಡೆ ಮಾದರಿಗಳು ಬರುವುದೇ ನಿಲ್ಲುತ್ತವೆ. ಅದಕ್ಕೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಹೆಜ್ಜೆ 4: ಕೋಣೆ, ಕರೆಂಟು, ನೀರು

ಹೊಸ ಕಟ್ಟಡಕ್ಕಾಗಿ ಕಾಯಬೇಡಿ. ತೊಳೆಯಲು ಬರುವ ನೆಲ, ಕೈ ತೊಳೆಯಲು ಪ್ರತ್ಯೇಕ ಸಿಂಕ್, ಬಾಗಿಲು ಮುಚ್ಚಿಕೊಳ್ಳುವ ಕೋಣೆ ಇರಲಿ. ಮಾದರಿ ಸ್ವೀಕರಿಸುವ ಮೇಜು ಬೇರೆ, ಪರೀಕ್ಷೆಯ ಮೇಜು ಬೇರೆ ಇರಲಿ. ಎಲೈಸಾ ಯಂತ್ರ, ಫ್ರಿಜ್‌ಗಳಿಗೆ ಯುಪಿಎಸ್ ಮತ್ತು ಸ್ಟೆಬಿಲೈಸರ್ ಬೇಕೇ ಬೇಕು. ಕೊಳವೆ ಬಾವಿಯ ಗಡಸು ನೀರು ಎಲೈಸಾ ತೊಳೆಯಲು ಆಗದು. ಡಿಸ್ಟಿಲ್ಡ್ ನೀರಿನ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಬರೆದುಕೊಳ್ಳಿ.

ಹೆಜ್ಜೆ 5: ಈಗ ಯಂತ್ರ

ಮೊದಲ ವರ್ಷ ಬೇಕಾದವು ಒಳ್ಳೆಯ ಬೈನಾಕ್ಯುಲರ್ ಸೂಕ್ಷ್ಮದರ್ಶಕ, ಸೆಂಟ್ರಿಫ್ಯೂಜ್, ಪ್ರಯೋಗಾಲಯಕ್ಕೇ ಮೀಸಲಾದ ಫ್ರಿಜ್, ಮೈನಸ್ 20 ಡಿಗ್ರಿಯ ಫ್ರೀಜರ್, ಎಲೈಸಾ ರೀಡರ್ ಮತ್ತು ವಾಷರ್, ಅತಿ ಸಣ್ಣ ಪ್ರಮಾಣದ ದ್ರವ ಅಳೆಯುವ ಮೈಕ್ರೋಪಿಪೆಟ್‌ಗಳು, ಹಬೆಯ ಒತ್ತಡದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್. ಕ್ಷಯ ಕಾರ್ಯಕ್ರಮದ ಟ್ರೂನಾಟ್ ಯಂತ್ರ ಈಗಾಗಲೇ ಇದ್ದರೆ ಅದು ದೊಡ್ಡ ಆಸ್ತಿ. ಬ್ಯಾಟರಿಯಲ್ಲೂ ಓಡುವ ಆ ಯಂತ್ರವನ್ನು ಕೋವಿಡ್ ಕಾಲದಲ್ಲಿ ಆ ಪರೀಕ್ಷೆಗೂ ಬಳಸಲಾಯಿತು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಕಿಟ್ ಯಾರು ಪೂರೈಸುತ್ತಾರೆ? ಬೇರೆ ಕಂಪನಿಯ ಕಿಟ್ ಇದರಲ್ಲಿ ನಡೆಯುತ್ತದೆಯೇ? ಕೆಟ್ಟರೆ ರಿಪೇರಿಯವರು ಎಲ್ಲಿಂದ ಬರಬೇಕು, ಮೈಸೂರಿನಿಂದಲೋ ಮುಂಬೈಯಿಂದಲೋ? ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದದ ಹಣ ಯಾವ ಲೆಕ್ಕದಿಂದ ಬರುತ್ತದೆ? ದಾನಿಗಳಲ್ಲಿ ನನ್ನ ವಿನಂತಿಯೂ ಇದೇ. ಯಂತ್ರದ ಬದಲು ಮೂರು ವರ್ಷದ ನಿರ್ವಹಣೆ, ಕಿಟ್ ಮತ್ತು ಸಾಗಣೆಯ ಖರ್ಚು ಕೊಡಿ. ಫಲಕದ ಮೇಲೆ ಹೆಸರು ಬರೆಸಲು ಅದರಲ್ಲಿ ಜಾಗ ಕಡಿಮೆ, ಉಪಯೋಗ ಮಾತ್ರ ಬಹಳ.

ಡೆಂಗಿ ಎಲೈಸಾ ಪ್ಲೇಟಿನ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಸಣ್ಣ ಪ್ರಯೋಗಾಲಯಗಳು ಎಡವುವುದು ಇಲ್ಲೇ. ಒಂದು ಪ್ಲೇಟಿನಲ್ಲಿ 96 ಗುಳಿಗಳು, ಎಂಟೆಂಟರಂತೆ 12 ಪಟ್ಟಿಗಳು. ಪ್ರತಿ ಸಲ ಪರೀಕ್ಷೆ ಹಾಕುವಾಗಲೂ ಕೆಲವು ಗುಳಿಗಳು ಕಂಟ್ರೋಲ್‌ಗೆ, ಅಂದರೆ ಉತ್ತರ ಮೊದಲೇ ಗೊತ್ತಿರುವ ಮಾದರಿಗಳಿಗೆ ಹೋಗುತ್ತವೆ. ಇವತ್ತು ಬಂದದ್ದು 11 ಮಾದರಿ. ಪ್ಲೇಟ್ ತುಂಬಲಿ ಎಂದು ಕಾದರೆ ಉಳಿತಾಯವೇನೋ ಆಗುತ್ತದೆ, ಆದರೆ ವಾರ ಕಳೆದು ಬರುವ ಫಲಿತಾಂಶದಿಂದ ಆ ಬೀದಿಯ ಸೊಳ್ಳೆ ತಡೆಯಲಾಗದು. ದಿನವೂ ಹಾಕಿದರೆ ಕಂಟ್ರೋಲ್‌ಗಳಲ್ಲೇ ಕಿಟ್ ಕರಗುತ್ತದೆ. ಪಟ್ಟಿಗಳನ್ನು ಬಿಡಿಸಿ ಬಳಸಬಹುದಾದ ಕಿಟ್ ತರಿಸಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ನಿಗದಿತ ದಿನ, ಮುಂಗಾರು ಹಿಡಿದ ಮೇಲೆ ದಿನ ಬಿಟ್ಟು ದಿನ ಅಥವಾ ದಿನವೂ ಹಾಕಿ. 11 ಮಾದರಿಗೆ ಕಂಟ್ರೋಲ್ ಸೇರಿ ಎರಡು ಪಟ್ಟಿ ಸಾಕು. ಉಳಿದ ಪಟ್ಟಿಗಳನ್ನು ತೇವಾಂಶ ಹೀರುವ ಪೊಟ್ಟಣದೊಂದಿಗೆ ಅದೇ ಚೀಲದಲ್ಲಿ ಮುಚ್ಚಿ ಕೂಡಲೇ ಫ್ರಿಜ್‌ಗೆ ಸೇರಿಸಿ. ಪರೀಕ್ಷೆಯ ದಿನಗಳನ್ನು ಎಲ್ಲ ಕೇಂದ್ರಗಳಿಗೂ ತಿಳಿಸಿದರೆ ಮಾದರಿಗಳೂ ಆ ಲೆಕ್ಕದಲ್ಲೇ ಬರುತ್ತವೆ.

ಕಾರ್ಡ್ ಮಾದರಿಯ ರ‍್ಯಾಪಿಡ್ ಪರೀಕ್ಷೆಯಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಡೆಂಗಿ ದೃಢಪಟ್ಟಂತೆ ಲೆಕ್ಕವಿಲ್ಲ. ದೃಢೀಕರಣಕ್ಕೆ ಎಲೈಸಾ ಬೇಕು.

ಹೆಜ್ಜೆ 6: ನೀರಿನ ಪರೀಕ್ಷೆ

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಜೀವ ಉಳಿಸುವ ಪರೀಕ್ಷೆ ಇದೇ ಎಂದು ನಾನು ನಂಬಿದ್ದೇನೆ. ನಲ್ಲಿಯ ಕೊನೆಯ ಮನೆಯಲ್ಲಿ ಉಳಿದಿರುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕ್ಲೋರೋಸ್ಕೋಪ್‌ನಿಂದ ಇದನ್ನು ಆಶಾ ಕಾರ್ಯಕರ್ತೆಯರೂ ನೀರುಗಂಟಿಗಳೂ ನೋಡಬಹುದು. ಎಚ್‌ಟುಎಸ್ ಬಾಟಲಿಗೆ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಮಲದ ಸೋಂಕು ಸೇರಿರುವ ಸಾಧ್ಯತೆ ಇದೆ ಎಂದರ್ಥ. ಇನ್‌ಕ್ಯುಬೇಟರ್ ಕೂಡ ಬೇಡ. ನೀರನ್ನು ಓವರ್‌ಹೆಡ್ ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಷ್ಟೇ ಹಿಡಿಯಬೇಡಿ. ಚರಂಡಿ ದಾಟಿ ಹೋಗುವ ಪೈಪಿನ ಆಚೆ ಬದಿಯ ಮನೆಯಲ್ಲಿ ಹಿಡಿಯಿರಿ. ಒಡೆದ ಪೈಪಿಗೆ ಚರಂಡಿ ನೀರು ಸೇರುವುದು ಅಲ್ಲಿ. ಫಲಿತಾಂಶದ ಪ್ರತಿ ಅದೇ ದಿನ ಪಿಡಿಒ ಅವರ ಮೇಜಿಗೆ ಹೋಗಬೇಕು.

ಹೆಜ್ಜೆ 7: ಜನ ಮತ್ತು ಅವರ ಸುರಕ್ಷತೆ

ಪ್ರತಿ ಪರೀಕ್ಷೆಯನ್ನೂ ಕನಿಷ್ಠ ಇಬ್ಬರು ಕಲಿತಿರಬೇಕು. ಗುತ್ತಿಗೆ ನೌಕರರೊಬ್ಬರ ಕೈಯಲ್ಲಿ ಮಾತ್ರ ವಿದ್ಯೆ ಇದ್ದು, ಅವರಿಗೆ ಬೇರೆ ಕಡೆ ಕೆಲಸ ಸಿಕ್ಕ ದಿನ ಪ್ರಯೋಗಾಲಯ ನಿಂತುಹೋಗಬಾರದು. ವೈದ್ಯಕೀಯ ಕಾಲೇಜಿನಲ್ಲಿ ಒಂದೆರಡು ವಾರ ಕೂತು ಕೈಯಾರೆ ಕಲಿಯುವುದಕ್ಕೆ ಸಮನಾದ ಆನ್‌ಲೈನ್ ತರಬೇತಿ ಇಲ್ಲ. ಪ್ರತಿ ಪರೀಕ್ಷೆಯ ವಿಧಾನವನ್ನು ಒಂದೊಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೇಜಿನೆದುರು ತೂಗುಹಾಕಿ.

ತಂತ್ರಜ್ಞರಿಗೂ ಗುಂಪು ಡಿ ಸಿಬ್ಬಂದಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿರಲೇಬೇಕು. ಎರಡನೆಯದು ಮೊದಲನೆಯದರ ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಕಸ ಎತ್ತುವವರನ್ನು ಈ ಪಟ್ಟಿಯಿಂದ ಬಿಡುವುದು ಅನ್ಯಾಯ. ಸೂಜಿ ಹೆಚ್ಚಾಗಿ ಚುಚ್ಚುವುದು ಅವರಿಗೇ. ಮಾದರಿ ಚೆಲ್ಲಿದರೆ ಅದರ ಮೇಲೆ ಬಟ್ಟೆ ಅಥವಾ ಕಾಗದ ಮುಚ್ಚಿ, ಅಂಚಿನಿಂದ ನಡುವಿಗೆ ಶೇಕಡ 1ರ ಹೈಪೋಕ್ಲೋರೈಟ್ ದ್ರಾವಣ ಸುರಿದು, ಅರ್ಧ ಗಂಟೆ ಬಿಟ್ಟು ಒರೆಸಬೇಕು. ಈ ದ್ರಾವಣವನ್ನು ದಿನವೂ ಹೊಸದಾಗಿ ಮಾಡಬೇಕು, ನಿನ್ನೆಯದಕ್ಕೆ ಶಕ್ತಿ ಇರುವುದಿಲ್ಲ. ಸೂಕ್ಷ್ಮಜೀವಿಗಳ ಕಸವನ್ನು ಆಟೋಕ್ಲೇವ್ ಮಾಡಿದ ಮೇಲೆಯೇ ಹಳದಿ ಚೀಲಕ್ಕೆ ಹಾಕಬೇಕು. ಸೂಜಿಗಳು ಬಿಳಿ ಅರೆಪಾರದರ್ಶಕ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಹೆಜ್ಜೆ 8: ಫಲಿತಾಂಶ ನಂಬುವಂತಿರಬೇಕು

ಫ್ರಿಜ್‌ನ ಉಷ್ಣತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆಯಿರಿ. ರಜೆಯ ದಿನ ಯಾರು ಬರೆಯುತ್ತಾರೆಂದು ಮೊದಲೇ ಗೊತ್ತುಮಾಡಿ. ಕಿಟ್ಟಿನ ಫ್ರಿಜ್‌ನಲ್ಲಿ ಊಟದ ಡಬ್ಬಿ ಕಾಣಬಾರದು. ಕಂಟ್ರೋಲ್ ಸರಿ ಬರದ ದಿನ ಎಷ್ಟೇ ಒತ್ತಡವಿದ್ದರೂ ಫಲಿತಾಂಶ ಕೊಡಬೇಡಿ, ಮತ್ತೆ ಹಾಕಿ. ಪಿಪೆಟ್‌ಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. 100 ಮೈಕ್ರೋಲೀಟರ್ ಡಿಸ್ಟಿಲ್ಡ್ ನೀರು ಹೆಚ್ಚುಕಡಿಮೆ 0.1 ಗ್ರಾಂ ತೂಗುತ್ತದೆ. ನಿಖರ ತಕ್ಕಡಿ ಇರುವ ಕಾಲೇಜೊಂದರಲ್ಲಿ ಅರ್ಧ ದಿನದಲ್ಲಿ ಎಲ್ಲ ಪಿಪೆಟ್‌ಗಳನ್ನೂ ಹೀಗೆ ನೋಡಿಕೊಂಡು ಬರಬಹುದು. ಪ್ರತಿ ತಿಂಗಳು ಕೆಲವು ಪಾಸಿಟಿವ್, ಕೆಲವು ನೆಗೆಟಿವ್ ಮಾದರಿಗಳನ್ನು ಮೇಲಿನ ಪ್ರಯೋಗಾಲಯಕ್ಕೆ ಮರುಪರೀಕ್ಷೆಗೆ ಕಳುಹಿಸಿ. ಒಂದೆರಡು ವರ್ಷ ಹೀಗೆ ನಡೆದ ಮೇಲೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಪ್ರವೇಶ ಹಂತದ ಮಾನ್ಯತೆಗೆ ಅರ್ಜಿ ಹಾಕಬಹುದು.

ಹೆಜ್ಜೆ 9: ವರದಿ ಮತ್ತು ಅದರ ನಂತರದ ಕೆಲಸ

2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯ ವರದಿಗಳು ಈಗ ಕೇಂದ್ರ ಸರ್ಕಾರದ ಆರೋಗ್ಯ ಮಾಹಿತಿ ಜಾಲತಾಣವಾದ ಐಎಚ್‌ಐಪಿ ಪೋರ್ಟಲ್‌ನಲ್ಲಿ ಹೋಗುತ್ತವೆ. ಆರೋಗ್ಯ ಕಾರ್ಯಕರ್ತೆಯರು ಎಸ್, ವೈದ್ಯರು ಪಿ, ಪ್ರಯೋಗಾಲಯದವರು ಎಲ್ ನಮೂನೆ ತುಂಬುತ್ತಾರೆ. ಎಲ್ ನಮೂನೆಯನ್ನು ಅದೇ ದಿನ ತುಂಬಿ. ಪಾಸಿಟಿವ್ ಎಷ್ಟು ಎಂಬುದರೊಂದಿಗೆ ಪರೀಕ್ಷಿಸಿದ್ದು ಎಷ್ಟು ಎಂಬುದೂ ಬೇಕು. 10 ಪಾಸಿಟಿವ್ 20ರಲ್ಲೋ 200ರಲ್ಲೋ ಎಂಬುದರ ಮೇಲೆ ಅರ್ಥವೇ ಬದಲಾಗುತ್ತದೆ.

ಪೋರ್ಟಲ್ ತುಂಬಿದರೆ ಕೆಲಸ ಮುಗಿಯಲಿಲ್ಲ. ಡೆಂಗಿ ದೃಢಪಟ್ಟ ಕೂಡಲೇ ಆ ಊರಿನ ವೈದ್ಯಾಧಿಕಾರಿಗೆ ಫೋನ್ ಹೋಗಬೇಕು. ಮರುದಿನವೇ ಆ ಬೀದಿಯ ತೊಟ್ಟಿ, ಡ್ರಂ, ಹಳೆಯ ಟೈರುಗಳಲ್ಲಿ ಲಾರ್ವಾ ಸಮೀಕ್ಷೆ ನಡೆಯಬೇಕು. ಕಾಲರಾ ಶಂಕೆಯ ಒಂದೇ ಒಂದು ಪ್ರಕರಣವಿದ್ದರೂ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಅದೇ ಗಂಟೆಯಲ್ಲಿ ತಿಳಿಸಬೇಕು. ಮಾದರಿ ಕಳುಹಿಸಿದ ಕೇಂದ್ರಕ್ಕೆ ನೆಗೆಟಿವ್ ಫಲಿತಾಂಶವನ್ನೂ ತಪ್ಪದೆ ತಿಳಿಸಿ. ಉತ್ತರವೇ ಬರದ ಕಡೆಗೆ ಯಾರೂ ಹೆಚ್ಚು ದಿನ ಮಾದರಿ ಕಳುಹಿಸುವುದಿಲ್ಲ. ಪಟ್ಟಣದ ಖಾಸಗಿ ಲ್ಯಾಬುಗಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಜ್ವರ ಬಂದ ಬಹಳ ಮಂದಿ ಮೊದಲು ಹೋಗುವುದು ಅಲ್ಲಿಗೇ.

ನಿಮ್ಮ ವ್ಯವಸ್ಥೆಯನ್ನು ಅಳೆಯಲು ಏಳು–ಒಂದು–ಏಳು ಎಂಬ ಅಂತರರಾಷ್ಟ್ರೀಯ ಗುರಿ ಬಳಸಬಹುದು: ರೋಗ ಹಬ್ಬಲು ಶುರುವಾದ ಏಳು ದಿನದೊಳಗೆ ಪತ್ತೆ, ಒಂದು ದಿನದೊಳಗೆ ವರದಿ, ಮುಂದಿನ ಏಳು ದಿನದೊಳಗೆ ತಡೆಯುವ ಮೊದಲ ಕ್ರಮಗಳು ಪೂರ್ಣ. ಪ್ರತಿ ಪ್ರಕರಣದ ನಂತರ ಈ ಮೂರು ದಿನಾಂಕಗಳನ್ನು ಬರೆದು, ಯಾವ ಹಂತದಲ್ಲಿ ತಡವಾಯಿತೆಂದು ನೋಡಿ.

ಮೊದಲ ವರ್ಷದ ಸರದಿ

ಜನವರಿ, ಫೆಬ್ರುವರಿಯಲ್ಲಿ ಪಟ್ಟಿ ಮತ್ತು ಒಪ್ಪಂದ. ಮಾರ್ಚ್‌ನಲ್ಲಿ ಮಾದರಿ ಸಂಗ್ರಹದ ತರಬೇತಿ ಮತ್ತು ನೀರಿನ ಪರೀಕ್ಷೆ. ಬೇಸಿಗೆಯ ವಾಂತಿಭೇದಿ ಕಾಯುವುದಿಲ್ಲ. ಏಪ್ರಿಲ್‌ನಲ್ಲಿ ಕೋಣೆ, ಯಂತ್ರ, ಕಿಟ್. ಮೇನಲ್ಲಿ ಫಲಿತಾಂಶ ಗೊತ್ತಿರುವ ಹಳೆಯ ಸೀರಂಗಳನ್ನು ಮೇಲಿನ ಪ್ರಯೋಗಾಲಯದಿಂದ ಪಡೆದು ಅಭ್ಯಾಸ. ಜೂನ್‌ನಲ್ಲಿ ಮುಂಗಾರಿನೊಂದಿಗೆ ನಿಜವಾದ ಕೆಲಸ ಆರಂಭ. ಮುಂದಿನ ವರ್ಷದ ಕಿಟ್‌ಗಳ ಬೇಡಿಕೆಯನ್ನು ಡಿಸೆಂಬರ್ ಒಳಗೆ ಸಲ್ಲಿಸಿ, ಅದರ ಪ್ರತಿಯೊಂದನ್ನು ಪ್ರಯೋಗಾಲಯದ ಕಡತದಲ್ಲಿಡಿ. ನಿಮಗೆ ವರ್ಗವಾದರೆ ನಂತರ ಬರುವವರು ಮೊದಲು ತೆರೆಯುವುದು ಆ ಕಡತವನ್ನೇ.